ಮೇಷ್ಟ್ರು ರಹೀಂ ಸಾಹೇಬರು

ಈ ಸಂಚಿಕೆಗೆ ಒಬ್ಬ ಹಿರಿಯ ಸಾಧಕರ ಬಗ್ಗೆ ಬರೆದುಕೊಡಿ ಎಂದು ಸುವರ್ಣ ಮಹೋತ್ಸವ ಸಮಿತಿಯವರು ಕೇಳಿದರು. ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಆಗಲೇ ಬೇರೆಯವರ ಪಾಲಾಗಿದ್ದರು. ನಾನು ಇದೇ ಶಾಲೆಯಲ್ಲಿ ಓದಿ, ದಾವಣಗೆರೆ ಹರಿಹರಗಳಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ಹಾಗಾಗಿ ನಮ್ಮ ಕಸುಬಿನವರನ್ನೇ ಆರಿಸಿಕೊಂಡೆ. ಅವರು ಭಾರತ ಫುಟ್‌ಬಾಲ್ ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ.

ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ನಮ್ಮ ರಾಯಚೂರು, ಕಲಬುರ್ಗಿ, ಬೀದರ್ ಆಗ ಅದೇ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಚೆನ್ನಾಗಿಯೇ ಆಡುತ್ತಿದ್ದರು. ಆಮೇಲೆ ಕಾಚಿಗುಡ ಮಿಡ್ಲ್ ಸ್ಕೂಲ್ ಮೊದಲಾಗಿ ಹಲವು ಶಾಲೆಗಳಲ್ಲಿ ಮೇಷ್ಟ್ರಾದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಆಟೋಟಗಳ ಹೊಣೆ ಹೊತ್ತರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯುವವರೆಗೂ ಆ ಕೆಲಸ ಬಿಡಲಿಲ್ಲ.

ಹುಡುಗರಿಗೆ ಅವರು ಕಲಿಸಿದ ರೀತಿಯನ್ನು ನನ್ನಂಥವರು ಗಮನಿಸಬೇಕು. ಚೆಂಡನ್ನು ಒಬ್ಬನೇ ಹಿಡಿದುಕೊಂಡು ಓಡಬಾರದೆಂಬ ನಿಯಮದ ಪಂದ್ಯಗಳನ್ನು ನಡೆಸಿದರು. ಕೈಗೂಡದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನೂ ಇಟ್ಟರು. ಬಲಗಾಲಿನ ಹುಡುಗನಿಗೆ ಎಡಗಾಲೂ ಬರುವುದು, ಚೆಂಡು ಸಿಕ್ಕವನಿಗೆ ಪಕ್ಕದವನು ಕಾಣುವುದು ಹೀಗೆ. ಅವರು ತಯಾರು ಮಾಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಂ ಸಾಹೇಬರ ತಂಡ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ತಂದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಎದುರು 10–1ರ ಸೋಲು. ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ಆ ಬಳಿಕವೇ ಬೂಟು ಕಡ್ಡಾಯವಾಯಿತು. ದಾವಣಗೆರೆಯ ಮಿಲ್ ಕಾರ್ಮಿಕರ ಮಕ್ಕಳು, ಹರಿಹರದ ಕಾರ್ಖಾನೆಯವರ ಮಕ್ಕಳು ನನ್ನ ಮುಂದೆ ಬರಿಗಾಲಲ್ಲೇ ಆಡಿದವರಾದ್ದರಿಂದ, ಆ ಅಂಕಿಯನ್ನು ನೋಡಿದರೆ ನನಗೆ ನಗು ಬರುವುದಿಲ್ಲ.

ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ, ಅವರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಕೊನೆಗೆ ನಾಲ್ಕನೇ ಸ್ಥಾನ ಸಿಕ್ಕಿತು. 1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮ. ಆ ತಂಡದಲ್ಲಿ ಅವರ ಮಗ ಹಕೀಮ್ ಕೂಡ ಇದ್ದರು, ಆದರೆ ಒಂದು ಪಂದ್ಯಕ್ಕೂ ಅಪ್ಪ ಅವರನ್ನು ಇಳಿಸಲಿಲ್ಲ. ಸ್ವಂತ ಮಕ್ಕಳು ತಾವಿರುವ ಶಾಲೆಯಲ್ಲೇ ಓದುವ ಮೇಷ್ಟ್ರುಗಳಿಗೆ ಇದರ ಕಷ್ಟ ಗೊತ್ತು.

ಇನ್ನು 1962ರ ಜಕಾರ್ತಾ. ಅಷ್ಟರಲ್ಲಿ ಸಾಹೇಬರಿಗೆ ಶ್ವಾಸಕೋಶದ ಕ್ಯಾನ್ಸರ್. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 2–0ಯಿಂದ ಸೋತರು. ಥಾಯ್ಲೆಂಡ್, ಜಪಾನ್ ವಿರುದ್ಧ ಗೆದ್ದರೂ, ಥಾಯ್ಲೆಂಡ್ ಪಂದ್ಯದಲ್ಲಿ ಪಂಜಾಬಿನ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಆರು ಹೊಲಿಗೆ ಹಾಕಿಸಿಕೊಂಡರು. ಗೋಡೆಯಂತಿದ್ದ ಆಳು. ಅಂಥವರನ್ನು ಹೊಲಿಗೆಯ ತಲೆಯೊಂದಿಗೆ ಹಿಂದೆ ನಿಲ್ಲಿಸುವುದೂ ಕಷ್ಟ, ಹೊರಗೆ ಕೂರಿಸುವುದೂ ಕಷ್ಟ. ರಹೀಂ ಸಾಹೇಬರು ಅವರನ್ನು ಮುಂದಕ್ಕೆ ಕಳಿಸಿ, ಸೆಂಟರ್ ಫಾರ್ವರ್ಡ್ ಮಾಡಿದರು. ಜೀವಮಾನವಿಡೀ ಗೋಲು ತಡೆದವರಿಗೆ ಗೋಲು ಹೊಡೆಯುವ ಕೆಲಸ! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧದ 3–2ರ ಗೆಲುವಿನಲ್ಲಿ ಒಂದು ಗೋಲು ಅವರದೇ.

ಸೆಪ್ಟೆಂಬರ್ 4ರಂದು ಫೈನಲ್. ಮತ್ತೆ ದಕ್ಷಿಣ ಕೊರಿಯಾ. ಇಸ್ರೇಲ್, ತೈವಾನ್ ದೇಶದವರನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಊರೆಲ್ಲ ನಮ್ಮವರ ಮೇಲೆ ಸಿಟ್ಟಾಗಿತ್ತು. ಸುಮಾರು ಒಂದು ಲಕ್ಷ ಜನ ಕೂಗಾಡುತ್ತಿದ್ದ ಮೈದಾನದಲ್ಲಿ ಮೊದಲು ಪಿ.ಕೆ. ಬ್ಯಾನರ್ಜಿ, ಕೆಲವೇ ನಿಮಿಷಗಳಲ್ಲಿ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯಾ ಕೊನೆಯ ಹೊತ್ತಿನಲ್ಲಿ ಒಂದು ಹೊಡೆಯಿತು. 2–1. ಚಿನ್ನ.

ಇದರಲ್ಲಿ ನನಗೆ ಕಾಣುವುದು ತರಗತಿಯ ಕೆಲಸವೇ. ಹಿಂದಿನ ಬೆಂಚಿನ ಹುಡುಗನನ್ನು ಮುಂದೆ ತಂದು ಕೂರಿಸುವ ಮೊದಲು ಅವನಲ್ಲಿ ಏನಿದೆಯೆಂದು ಮೇಷ್ಟ್ರಿಗೆ ಗೊತ್ತಿರಬೇಕು. ಪರೀಕ್ಷೆ ಹತ್ತಿರವಾದರೆ ಆಟದ ಪೀರಿಯಡ್ಡು ಗಣಿತದ ಪಾಲಾಗುವ ನಮ್ಮ ಶಾಲೆಗಳಲ್ಲಿ, ಅದನ್ನು ತಿಳಿಯುವಷ್ಟು ಹೊತ್ತು ಹುಡುಗರು ಮೈದಾನದಲ್ಲಿ ನಮ್ಮ ಕೈಗೆ ಸಿಗಬೇಕಲ್ಲ!

ಅದೇ ತಂಡದ ಪಿ.ಕೆ. ಬ್ಯಾನರ್ಜಿ ಮತ್ತು ಡಿಫೆಂಡರ್ ಅರುಣ್ ಘೋಷ್ ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದರು. ರಹೀಂ ಸಾಹೇಬರು ಮಾತ್ರ ಇನ್ನೊಂದು ದೊಡ್ಡ ಕೂಟ ಕಾಣಲಿಲ್ಲ. 1963ರ ಜೂನ್ 11ರಂದು ತೀರಿಕೊಂಡರು. ಏಷ್ಯನ್ ಕೂಟದಲ್ಲಿ ಆಮೇಲೆ ನಮಗೆ ಸಿಕ್ಕಿದ್ದು 1970ರ ಬ್ಯಾಂಕಾಕ್‌ನ ಒಂದು ಕಂಚು.