ಡೆನಿಸ್ ರಿಚಿ: ನಮ್ಮ ಫೋಲ್ಡರ್‌ಗಳ ಮರದ ಹಿಂದಿನ ಮನುಷ್ಯ

ನಮ್ಮ ಕಾಲೇಜಿನಲ್ಲಿ ಯಾವ ಬ್ರಾಂಚಿನವರನ್ನು ಕೇಳಿದರೂ ಸಿ ಲ್ಯಾಂಗ್ವೇಜ್ ಗೊತ್ತು ಅಂತಾರೆ. ಅದನ್ನು ಮಾಡಿದವರು ಡೆನಿಸ್ ರಿಚಿ ಅನ್ನೋದು ಒಂದು ಮಾರ್ಕಿನ ಪ್ರಶ್ನೆಗೆ ಉತ್ತರವಾಗಿ ನಮಗೆಲ್ಲ ಬಾಯಿಪಾಠ. ಆ ಒಂದು ಮಾರ್ಕಿನ ಆಚೆಗೆ ಅವರ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಿಲ್ಲ. ಅವರು ತೀರಿಕೊಂಡಾಗ ನಾವಿನ್ನೂ ಎಲ್‌ಕೆಜಿ, ಯುಕೆಜಿಯಲ್ಲಿ ಇದ್ದೆವು.

ಪೈಥಾನ್‌ನಲ್ಲಿ ಫೋಲ್ಡರ್‌ಗಳ ಜೊತೆ ಕೆಲಸ ಮಾಡೋಕೆ ಮುಖ್ಯವಾಗಿ ಮೂರು ಫಂಕ್ಷನ್ ಸಾಕು. ಓಎಸ್ ಮಾಡ್ಯೂಲಿನ ಮೇಕ್‌ಡರ್ಸ್ ಒಂದರೊಳಗೊಂದು ಫೋಲ್ಡರ್‌ಗಳನ್ನು ಒಂದೇ ಸಲ ಮಾಡಿಕೊಡುತ್ತೆ. ಶಟಿಲ್ ಮಾಡ್ಯೂಲಿನ ಕಾಪಿಟ್ರೀ ಒಂದು ಫೋಲ್ಡರನ್ನು ಅದರೊಳಗಿನ ಎಲ್ಲದರ ಸಮೇತ ಇನ್ನೊಂದು ಕಡೆಗೆ ನಕಲು ಮಾಡುತ್ತೆ. ಅದೇ ಮಾಡ್ಯೂಲಿನ ಆರ್‌ಎಂಟ್ರೀ ಎಲ್ಲವನ್ನೂ ಅಳಿಸಿಹಾಕುತ್ತೆ. ಮೂರಕ್ಕೂ ಒಂದೊಂದೇ ಸಾಲು. ಎರಡು ಫಂಕ್ಷನ್‌ಗಳ ಹೆಸರಲ್ಲೇ ಮರ ಇದೆ ನೋಡಿ. ಫೋಲ್ಡರ್‌ಗಳು ಮರದ ಹಾಗೆ ಇರಬೇಕು ಅಂತ ಯಾರೋ ಒಮ್ಮೆ ಕೂತು ತೀರ್ಮಾನ ಮಾಡಿರಬೇಕಲ್ವಾ? ನಾವು ಇವತ್ತು ಬಳಸುವ ರೂಪದಲ್ಲಿ ಆ ತೀರ್ಮಾನ ಮಾಡಿದವರಲ್ಲಿ ರಿಚಿ ಒಬ್ಬರು.

ಬಾಲ್ಯ ಮತ್ತು ಓದು

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮ್ಮಿಟ್ ಎಂಬ ಊರಿನಲ್ಲಿ. ತಂದೆ ಆಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಸ್ವಿಚಿಂಗ್ ಸರ್ಕ್ಯೂಟ್‌ಗಳ ಬಗ್ಗೆ ಹೆಸರಾದ ಪುಸ್ತಕವೊಂದನ್ನು ಬರೆದವರಲ್ಲಿ ಅವರೂ ಒಬ್ಬರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಡಿಗ್ರಿ ಮಾಡಿ, ಪಿಎಚ್‌ಡಿಗೆ ಅನ್ವಯಿಕ ಗಣಿತಕ್ಕೆ ಹೋದರು. ಅವರ ಥೀಸಿಸ್‌ನ ವಿಷಯ ಲೂಪ್‌ಗಳು. ಲೂಪ್‌ನೊಳಗೆ ಲೂಪ್, ಅದರೊಳಗೆ ಇನ್ನೊಂದು ಲೂಪ್, ಹೀಗೆ ಆಳ ಹೆಚ್ಚಾದಂತೆ ಪ್ರೋಗ್ರಾಮಿನ ಲೆಕ್ಕದ ಶಕ್ತಿ ಹೇಗೆ ಹೆಚ್ಚುತ್ತೆ ಅನ್ನೋದು. ಒಂದರೊಳಗೊಂದು ಎಂಬ ವಿಚಾರ ಅವರಿಗೆ ಆಗಿನಿಂದಲೂ ಹೊಸದಲ್ಲ.

1967ರಲ್ಲಿ ಅವರು ತಂದೆ ಕೆಲಸ ಮಾಡುತ್ತಿದ್ದ ಬೆಲ್ ಲ್ಯಾಬ್ಸ್‌ಗೇ ಸೇರಿದರು. ಆಗ ಅಲ್ಲಿ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದರು. ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಯೋಚನೆ ಮಲ್ಟಿಕ್ಸ್‌ನಲ್ಲೇ ಇತ್ತು. ಆದರೆ ಕೆಲಸ ಮುಗಿಯುವ ಲಕ್ಷಣ ಕಾಣದೆ 1969ರಲ್ಲಿ ಬೆಲ್ ಲ್ಯಾಬ್ಸ್ ಆ ಪ್ರಾಜೆಕ್ಟಿನಿಂದ ಹೊರಗೆ ಬಂತು.

ಹೊಸ ಡೈರೆಕ್ಟರಿ ಮಾಡೋಕೆ ಆಗದ ಸಿಸ್ಟಮ್

ಅದೇ ವರ್ಷ ಕೆನ್ ಥಾಂಪ್ಸನ್, ರಿಚಿ ಮತ್ತು ರಡ್ ಕನಡೇ ಬೋರ್ಡಿನ ಮೇಲೆ ಒಂದು ಹೊಸ ಫೈಲ್ ಸಿಸ್ಟಮ್ ಬರೆದು, ಅಳಿಸಿ, ಮತ್ತೆ ಬರೆದರು. ಥಾಂಪ್ಸನ್ ಅದನ್ನು ಪಿಡಿಪಿ-7 ಎಂಬ ಹಳೇ ಪುಟ್ಟ ಕಂಪ್ಯೂಟರಿನಲ್ಲಿ ಕಟ್ಟಿದರು. ಅದೇ ಯುನಿಕ್ಸ್‌ನ ಮೊದಲ ರೂಪ.

ಆ ಮೊದಲ ರೂಪದಲ್ಲಿ ಡೈರೆಕ್ಟರಿಗಳು ಇದ್ದವು, ಆದರೆ ಸಿಸ್ಟಮ್ ಓಡುತ್ತಿರುವಾಗ ಹೊಸ ಡೈರೆಕ್ಟರಿ ಮಾಡೋಕೆ ದಾರಿಯೇ ಇರ್ಲಿಲ್ಲ! ಪೇಪರ್ ಟೇಪಿನಿಂದ ಇಡೀ ಫೈಲ್ ಸಿಸ್ಟಮ್ ಹೊಸದಾಗಿ ತುಂಬುವಾಗ ಎಷ್ಟು ಡೈರೆಕ್ಟರಿ ಹುಟ್ಟಿದವೋ ಅಷ್ಟೇ. ನಾವು ಇವತ್ತು ಸ್ಲ್ಯಾಶ್ ಹಾಕಿ ಬರೆಯುವ ಪಾತ್ ಕೂಡ ಇರ್ಲಿಲ್ಲ. ಎಲ್ಲ ಬಳಕೆದಾರರ ಡೈರೆಕ್ಟರಿಗಳ ಹೆಸರಿದ್ದ ಡಿಡಿ ಎಂಬ ಒಂದು ಡೈರೆಕ್ಟರಿ ಇತ್ತು. ಬೇರೆಯವರ ಫೈಲ್ ಬೇಕಿದ್ದರೆ ಅದರ ಮೂಲಕ ಲಿಂಕ್ ಮಾಡಿಕೊಳ್ಳಬೇಕಿತ್ತು. ಹೀಗಾಗಿ ಒಳ ಡೈರೆಕ್ಟರಿಗಳನ್ನು ಯಾರೂ ಬಳಸುತ್ತಲೇ ಇರ್ಲಿಲ್ಲ. ಇದನ್ನೆಲ್ಲ ರಿಚಿಯವರೇ ಮುಂದೆ ಯುನಿಕ್ಸ್‌ನ ಇತಿಹಾಸ ಬರೆಯುವಾಗ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

1970ರಲ್ಲಿ ಪಿಡಿಪಿ-11 ಬಂತು. ಅದನ್ನು ಕೊಡಿಸಿಕೊಳ್ಳೋಕೆ ಇವರು ಕೊಟ್ಟ ಕಾರಣ, ಡಾಕ್ಯುಮೆಂಟ್ ತಯಾರಿಸುವ ಸಿಸ್ಟಮ್ ಮಾಡಿಕೊಡ್ತೀವಿ ಅಂತ. ಕಂಪನಿಯ ಪೇಟೆಂಟ್ ವಿಭಾಗದ ಟೈಪಿಸ್ಟ್‌ಗಳು ಅದನ್ನು ನಿಜವಾಗಿಯೂ ಬಳಸಿದರು. 1971ರ ನವೆಂಬರಿನಲ್ಲಿ ಬಂದ ಮೊದಲ ಕೈಪಿಡಿಯಲ್ಲಿ ಮೇಕ್‌ಡರ್, ಆರ್‌ಎಂಡರ್, ಸಿಪಿ, ಎಂವಿ, ಆರ್‌ಎಂ ಎಲ್ಲವೂ ಇವೆ. ಆಗ ಫೈಲಿನ ಹೆಸರಿಗೆ 8 ಅಕ್ಷರ ಮಾತ್ರ ಜಾಗ. ಹೆಸರುಗಳು ಇಷ್ಟು ಚಿಕ್ಕದಾಗಿ ಇದ್ದರೂ 50 ವರ್ಷ ದಾಟಿ ನಮ್ಮ ಲ್ಯಾಬಿನ ಟರ್ಮಿನಲ್‌ವರೆಗೆ ಬಂದಿವೆ.

ಮರವೇ ಯಾಕೆ?

ಯುನಿಕ್ಸ್‌ನಲ್ಲಿ ಡೈರೆಕ್ಟರಿ ಅಂದ್ರೆ ಅದೂ ಒಂದು ಫೈಲ್. ಅದರೊಳಗೆ ಇರುವುದು ಹೆಸರು ಮತ್ತು ಒಂದು ನಂಬರ್. ನಿಜವಾದ ಫೈಲಿನ ವಿವರ ಆ ನಂಬರಿನ ಐನೋಡ್‌ನಲ್ಲಿರುತ್ತೆ. ಒಂದೇ ಫೈಲಿಗೆ ಎರಡು ಮೂರು ಹೆಸರು ಇರಬಹುದು. ಹಾಗಾದರೆ ಡೈರೆಕ್ಟರಿಗೂ ಎರಡು ಹೆಸರು ಯಾಕಿರಬಾರದು?

1974ರಲ್ಲಿ ಥಾಂಪ್ಸನ್ ಜೊತೆ ಬರೆದ ಪ್ರಸಿದ್ಧ ಪೇಪರಿನಲ್ಲಿ ಇದಕ್ಕೆ ಉತ್ತರ ಇದೆ. ತನ್ನನ್ನು ಸೂಚಿಸುವ ಒಂದು ಚುಕ್ಕಿ, ತಾಯಿ ಡೈರೆಕ್ಟರಿಯನ್ನು ಸೂಚಿಸುವ ಎರಡು ಚುಕ್ಕಿ, ಇವೆರಡನ್ನು ಬಿಟ್ಟರೆ ಪ್ರತಿ ಡೈರೆಕ್ಟರಿಯ ಲಿಂಕ್ ಅದರ ತಾಯಿ ಡೈರೆಕ್ಟರಿ ಒಂದರಲ್ಲಿ ಮಾತ್ರ ಇರಬೇಕು ಅಂತ ನಿಯಮ ಮಾಡಿದರು. ಕಾರಣ ಎರಡು. ಒಂದು, ಮರದ ಒಳಗೆಲ್ಲ ಓಡಾಡುವ ಪ್ರೋಗ್ರಾಂ ಬರೆಯೋದು ಸುಲಭ ಆಗುತ್ತೆ. ಎರಡು, ಬೇರಿನಿಂದ ಕೊನೆಯ ಕೊಂಡಿ ಕಡಿದುಹೋಗಿ ಒಂದು ಭಾಗ ಅನಾಥವಾಗಿ ಉಳಿಯೋದಿಲ್ಲ.

ಮೊದಲ ಕಾರಣವನ್ನು ಸ್ವಲ್ಪ ಯೋಚಿಸಿ ನೋಡಿ. ಮಗ ಡೈರೆಕ್ಟರಿಯೊಳಗೆ ಅಜ್ಜ ಡೈರೆಕ್ಟರಿಯ ಲಿಂಕ್ ಇದ್ದಿದ್ದರೆ, ನಕಲು ಮಾಡುವ ಪ್ರೋಗ್ರಾಂ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. ನಮ್ಮ ಕಾಪಿಟ್ರೀ ಒಂದು ಸಾಲಿನಲ್ಲಿ ಕೆಲಸ ಮುಗಿಸೋದು, ಮುಖ್ಯವಾಗಿ ಮುಗಿಸೋದು, ಆ ನಿಯಮದ ದೆಸೆಯಿಂದ. ಬೇಡ ಅನ್ನುವ ಒಂದು ನಿಯಮದಿಂದ ಎಷ್ಟೋ ಪ್ರೋಗ್ರಾಂಗಳು ಸರಳವಾದವು. ನಮಗೆ ರಿಚಿಯವರ ಕೆಲಸದಲ್ಲಿ ಕಲಿಯೋಕೆ ಇರುವ ದೊಡ್ಡ ಪಾಠ ಇದೇ ಅನ್ಸುತ್ತೆ.

ಸಿ ಭಾಷೆ

ಸಿ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ, ಚಿಕ್ಕದಾಗಿ ಹೇಳಿಬಿಡ್ತೀವಿ. ಥಾಂಪ್ಸನ್ ಅವರ ಬಿ ಭಾಷೆಯನ್ನು ಬೆಳೆಸುತ್ತಾ ರಿಚಿ 1972ರ ಹೊತ್ತಿಗೆ ಸಿ ಭಾಷೆಗೆ ಆಕಾರ ಕೊಟ್ಟರು. 1973ರಲ್ಲಿ ಯುನಿಕ್ಸ್ ಕರ್ನಲ್ ಅನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಅದರಿಂದ ಯುನಿಕ್ಸ್ ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಹೋಗುವ ದಾರಿ ತೆರೆಯಿತು. 1978ರಲ್ಲಿ ಬ್ರಿಯಾನ್ ಕರ್ನಿಗನ್ ಜೊತೆ ಬರೆದ ಪುಸ್ತಕ ಬಂತು. 1983ರಲ್ಲಿ ಥಾಂಪ್ಸನ್ ಮತ್ತು ರಿಚಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ನಾವು ಬಳಸುವ ಪೈಥಾನ್ ಇಂಟರ್‌ಪ್ರಿಟರ್ ಕೂಡ ಸಿ ಭಾಷೆಯಲ್ಲೇ ಬರೆದದ್ದು.

ಕನ್ನಡಕ್ಕೂ ಇಲ್ಲಿ ಒಂದು ನಂಟಿದೆ. 1992ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ಸೇರಿ ಯುಟಿಎಫ್-8 ಮಾಡಿದರು. ಅದರಲ್ಲಿ ಬೇರೆ ಅಕ್ಷರಗಳ ನಡುವೆ ಸ್ಲ್ಯಾಶ್‌ನ ಬೈಟ್ ತಪ್ಪಿಯೂ ಬರದ ಹಾಗೆ ನೋಡಿಕೊಂಡಿದ್ದಾರೆ. ಯುನಿಕ್ಸ್ ಪಾತ್‌ಗಳು ಮುರಿಯಬಾರದಲ್ಲ! ಹಾಗಾಗಿ ನೀವು ಲಿನಕ್ಸ್‌ನಲ್ಲಿ ಕನ್ನಡ ಹೆಸರಿನ ಡೈರೆಕ್ಟರಿ ಆರಾಮಾಗಿ ಮಾಡಬಹುದು.

ಅಳಿಸುವುದು

1971ರ ಆರ್‌ಎಂಡರ್ ಖಾಲಿ ಇಲ್ಲದ ಡೈರೆಕ್ಟರಿಯನ್ನು ಅಳಿಸುತ್ತಿರಲಿಲ್ಲ. ಇವತ್ತು ಪೈಥಾನ್‌ನ ಓಎಸ್ ಮಾಡ್ಯೂಲಿನ ಆರ್‌ಎಂಡರ್ ಕೂಡ ಅಷ್ಟೇ, ಒಳಗೆ ಒಂದು ಫೈಲ್ ಇದ್ದರೂ ಎರರ್ ಕೊಡುತ್ತೆ. ಆರ್‌ಎಂಟ್ರೀಗೆ ಆ ಸಂಕೋಚ ಇಲ್ಲ. ಅದು ಎಲೆಗಳಿಂದ ಶುರುಮಾಡಿ, ಕೊಂಬೆ ಖಾಲಿಯಾದ ಮೇಲೆ ಕೊಂಬೆಯನ್ನು ತೆಗೆದು, ಕೊನೆಗೆ ಬುಡಕ್ಕೆ ಬರುತ್ತೆ. ರಿಸೈಕಲ್ ಬಿನ್‌ಗೆ ಏನೂ ಹೋಗಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಹಾಗೆ. ಅದಕ್ಕೇ ಆ ಸಾಲು ಓಡಿಸುವ ಮುಂಚೆ ಪಾತ್ ಅನ್ನು ಪ್ರಿಂಟ್ ಮಾಡಿ ಕಣ್ಣಾರೆ ನೋಡಿ.

ಒಂದೇ ಫೈಲ್ ಅಳಿಸುವ ಸಿಸ್ಟಮ್ ಕಾಲ್‌ನ ಹೆಸರು ಅನ್‌ಲಿಂಕ್. ಅದು ತೆಗೆಯೋದು ಹೆಸರನ್ನು ಮಾತ್ರ. ಇನ್ನೊಂದು ಡೈರೆಕ್ಟರಿಯಲ್ಲಿ ಇನ್ನೊಂದು ಹೆಸರು ಇರೋವರೆಗೆ ಅಥವಾ ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿರೋವರೆಗೆ ಫೈಲ್ ಉಳಿದಿರುತ್ತೆ.

ನಕಲು ಉಳಿಸಿದ್ದು

ರಿಚಿಯವರು 1968ರಲ್ಲೇ ಥೀಸಿಸ್ ಬರೆದು ಮುಗಿಸಿದ್ದರು. ಆದರೆ ಬೈಂಡ್ ಮಾಡಿಸಿದ ಪ್ರತಿಯನ್ನು ಹಾರ್ವರ್ಡ್‌ಗೆ ಕೊಡಲೇ ಇಲ್ಲ. ಬೈಂಡಿಂಗ್‌ಗೆ ದುಡ್ಡು ಕೊಡೋಕೆ ಒಪ್ಪಲಿಲ್ಲ ಅಂತ ಅವರ ಜೊತೆ ಓದಿದವರೊಬ್ಬರು ನೆನಪಿಸಿಕೊಂಡಿದ್ದಾರೆ. ಹೀಗಾಗಿ ಡಾಕ್ಟರೇಟ್ ಸಿಗಲಿಲ್ಲ, ಲೈಬ್ರರಿಯಲ್ಲೂ ಪ್ರತಿ ಇರ್ಲಿಲ್ಲ. ಆದರೆ ಮನೆಯವರ ನೆರವಿನಿಂದ ಪ್ರತಿ ಸಿಕ್ಕಿ, 2020ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದನ್ನು ಎಲ್ಲರೂ ಓದುವ ಹಾಗೆ ಮಾಡಿತು. ಸಿ ಕಂಪೈಲರಿನ ಅತಿ ಹಳೆಯ ಸೋರ್ಸ್ ಕೋಡ್ ನಮಗೆ ಸಿಕ್ಕಿದ್ದೂ ಹೀಗೆಯೇ. ಹಳೇ ಟೇಪುಗಳಲ್ಲಿ ಉಳಿದಿದ್ದ ಎರಡು ಆವೃತ್ತಿಗಳನ್ನು ರಿಚಿಯವರೇ ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿದ್ದರು.

2007ರಲ್ಲಿ ನಿವೃತ್ತರಾದ ಅವರು ನ್ಯೂಜೆರ್ಸಿಯ ಬರ್ಕ್‌ಲಿ ಹೈಟ್ಸ್‌ನಲ್ಲಿ ಒಬ್ಬರೇ ಇದ್ದರು. 2011ರ ಅಕ್ಟೋಬರ್ 12ರಂದು ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. ಒಂದು ವಾರ ಮುಂಚೆ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಇಡೀ ಪ್ರಪಂಚ ಆ ಸುದ್ದಿಯಲ್ಲಿತ್ತು, ರಿಚಿಯವರ ಸುದ್ದಿ ಅಷ್ಟಾಗಿ ಕೇಳಿಸಲಿಲ್ಲ. ಆದರೆ ಜಾಬ್ಸ್ ಅವರ ಮ್ಯಾಕ್ ಮತ್ತು ಐಫೋನ್ ಒಳಗೂ ಇರುವುದು ಯುನಿಕ್ಸ್ ವಂಶದ ಸಿಸ್ಟಮ್ಮೇ.

ಹೆಸರು ಅಳಿಸಿದರೂ ಫೈಲ್ ಉಳಿಯುತ್ತೆ, ಯಾರಾದರೂ ಅದನ್ನು ತೆರೆದಿಟ್ಟುಕೊಂಡಿದ್ದರೆ. ರಿಚಿಯವರ ಕೆಲಸವನ್ನಂತೂ ನಾವೆಲ್ಲ ದಿನಾ ತೆರೆದಿಟ್ಟುಕೊಂಡೇ ಇದ್ದೇವೆ. ಜೊತೆಗೆ ಹೆಸರನ್ನೂ ಒಂದು ಮಾರ್ಕಿಗಿಂತ ಸ್ವಲ್ಪ ಜಾಸ್ತಿ ನೆನಪಿಟ್ಟುಕೊಳ್ಳೋಣ. ಹಾಗೇ ನಿಮ್ಮ ಪ್ರಾಜೆಕ್ಟ್ ಫೋಲ್ಡರಿನ ಇನ್ನೊಂದು ನಕಲನ್ನು ಇವತ್ತೇ ಬೇರೆ ಕಡೆ ಮಾಡಿಡಿ.