ದಿವಾನ್ ಪೂರ್ಣಯ್ಯನವರು

ನಮ್ಮ ನೆರೆಯ ಯಳಂದೂರು ಒಂದು ಕಾಲಕ್ಕೆ ಜಹಗೀರಾಗಿತ್ತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯ. ಆ ಜಹಗೀರನ್ನು 1807ರಲ್ಲಿ ಮೈಸೂರು ಸಂಸ್ಥಾನದಿಂದ ಪಡೆದ ಪೂರ್ಣಯ್ಯನವರ ಜೀವನವು ಮನನಯೋಗ್ಯವಾದುದು.

1746ರಲ್ಲಿ ತಮಿಳು ಸೀಮೆಯ ಬಡ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದ ಇವರು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಈ ಬಾಲಕನ ಚುರುಕುತನವೇ ಅವರನ್ನು ಹೈದರಾಲಿಯ ಸೇವೆಗೆ ಕೊಂಡೊಯ್ದಿತು. 1782ರಲ್ಲಿ ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಮರಣಹೊಂದಿದಾಗ, ದೂರದ ಮಲಬಾರಿನಿಂದ ಟಿಪ್ಪು ಬಂದು ಸೇರುವವರೆಗೆ ಆ ಸುದ್ದಿಯನ್ನು ಗೋಪ್ಯವಾಗಿರಿಸಿ ಸೈನ್ಯವು ಚದುರದಂತೆ ಕಾಪಾಡಿದವರಲ್ಲಿ ಇವರೂ ಒಬ್ಬರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಮಡಿದನು. ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಜೂನ್ 30ರಂದು ಸಿಂಹಾಸನವನ್ನೇರಿದರು, ಪೂರ್ಣಯ್ಯನವರು ದಿವಾನರಾದರು. ನಿನ್ನೆಯ ಶತ್ರುಗಳ ಆಶ್ರಯದಲ್ಲಿ ಅಧಿಕಾರ ವಹಿಸಿದ್ದು ಸರಿಯೇ ಎಂದು ಕೇಳುವವರುಂಟು. ಆದರೆ ಯುದ್ಧಗಳಿಂದ ಬೆಂದ ನಾಡಿಗೆ ಆಗ ಆಡಳಿತ ಬಲ್ಲ ಕೈಯೊಂದು ಬೇಕಾಗಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹಗಳ ಕಪ್ಪವನ್ನು ಸಲ್ಲಿಸುತ್ತಲೇ ಅವರು ಕೆರೆ ಕಾಲುವೆಗಳನ್ನು ದುರಸ್ತಿಗೊಳಿಸಿದರು, ಬೊಕ್ಕಸವನ್ನೂ ತುಂಬಿಸಿದರು. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯು ಅವರ ಕಾರ್ಯದಕ್ಷತೆಗೆ ಸಾಕ್ಷಿ.

ಇಷ್ಟೆಲ್ಲ ಗುಣಗಳಿದ್ದರೂ ಒಂದು ಕೊರತೆಯನ್ನು ಮರೆಮಾಚಲಾಗದು. ಬಾಲಕ ಅರಸರು ಬೆಳೆದು ಪ್ರಾಯಕ್ಕೆ ಬಂದಾಗ ಅಧಿಕಾರವನ್ನು ಬಿಟ್ಟುಕೊಡಲು ವೃದ್ಧ ದಿವಾನರ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಇಬ್ಬರ ನಡುವೆ ವಿರಸ ಬೆಳೆದು, 1811ರಲ್ಲಿ ಅವರು ನಿವೃತ್ತರಾದರು. 1812ರ ಮಾರ್ಚ್ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಕಾಲವಾದರು. ಅವರು ಕೂಡಿಟ್ಟ ಹಣವು ಕೆಲವೇ ವರ್ಷಗಳಲ್ಲಿ ಕರಗಿತು. ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದ ಬಳಿಕ, 1831ರಲ್ಲಿ ಕಂಪನಿಯು ಆಡಳಿತವನ್ನು ಕಿತ್ತುಕೊಂಡಿತು. ಅದು ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ. ಇದಕ್ಕೆ ಕಾರಣಗಳು ಹಲವು. ಹೊಣೆಯೆಲ್ಲವನ್ನೂ ಪೂರ್ಣಯ್ಯನವರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಬೊಕ್ಕಸವನ್ನು ತುಂಬಿಸಿದಷ್ಟೇ ಶ್ರದ್ಧೆಯಿಂದ ಅರಸನನ್ನು ಆಡಳಿತದಲ್ಲಿ ಪಳಗಿಸಿದ್ದರೆ ಎಂದು ಮನಸ್ಸು ಮರುಗದಿರದು.

ಮುಂದೆ ಅವರ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿ ಮನೆತನದ ಹೆಸರನ್ನು ಉಳಿಸಿದರು.

ಗಳಿಸಿಡುವುದು ಹಿರಿಯರ ಧರ್ಮ. ಗಳಿಸಿದ್ದನ್ನು ನಡೆಸಿಕೊಂಡು ಹೋಗಲು ಕಿರಿಯರನ್ನು ಅಣಿಗೊಳಿಸಿ, ಸಕಾಲದಲ್ಲಿ ಅವರ ಕೈಗೊಪ್ಪಿಸುವುದು ಅದಕ್ಕಿಂತ ಹಿರಿದಾದ ಧರ್ಮ. ಮನೆಗೂ ಊರಿಗೂ ಇದು ಸಲ್ಲುವ ಮಾತು.