ಸಮಾಜ ಪಾಠದ ಮಾಸ್ತರರು ಡಾ. ಝಾಕಿರ್ ಹುಸೇನ್



ಡಾ. ಝಾಕಿರ್ ಹುಸೇನ್ ಯಾರೆಂದು ಕೇಳಿದರೆ ಭಾರತದ ಮೂರನೆಯ ರಾಷ್ಟ್ರಪತಿ ಎಂದು ನೀವು ತಕ್ಷಣ ಉತ್ತರಿಸುತ್ತೀರಿ. ಆದರೆ ನೀವು ಪ್ರಾಥಮಿಕ ಶಾಲೆಯಲ್ಲಿ ಕಲಿತ ಸಮಾಜ ಪಾಠಕ್ಕೂ ಅವರಿಗೂ ಇರುವ ನಂಟು ಹೆಚ್ಚಿನವರಿಗೆ ತಿಳಿದಿಲ್ಲ. ಶಿಕ್ಷಕರು, ಶಿಕ್ಷಕರಾಗಬಯಸುವವರು ಅದನ್ನು ಅರಿತಿರುವುದು ಅಗತ್ಯ.

ಅವರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ತಾಯಿಯೂ ಪ್ಲೇಗಿಗೆ ಬಲಿಯಾದರು. ಆ ಅನಾಥ ಬಾಲಕ ಎದೆಗುಂದದೆ ಅಲಿಗಢದ ಕಾಲೇಜು ಸೇರಿದರು. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು ಬಂದವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನು ಕಟ್ಟಿದಾಗ, ಅವರಲ್ಲಿ ಝಾಕಿರ್ ಸಾಹೇಬರೂ ಇದ್ದರು.

ಜರ್ಮನಿಗೆ ಹೋಗಿ ಬರ್ಲಿನ್ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರಿಗೆ ದೊಡ್ಡ ಹುದ್ದೆಗಳೇನೂ ದೂರವಿರಲಿಲ್ಲ. ಆದರೂ 1926ರಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಮುಚ್ಚುವ ಸ್ಥಿತಿಗೆ ಬಂದಿದ್ದ ಜಾಮಿಯಾದ ಹೊಣೆ ಹೊತ್ತರು. 20 ವರ್ಷ ಸೇವೆ ಮಾಡುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವುದಿಲ್ಲ ಎಂದು ಅವರೂ ಸಂಗಡಿಗರೂ ಪ್ರತಿಜ್ಞೆ ಮಾಡಿದರು. 1935ರಲ್ಲಿ ಓಖ್ಲಾದಲ್ಲಿ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದವರು ಯಾವ ನವಾಬರೂ ಅಲ್ಲ, ಜಾಮಿಯಾದ ಅತ್ಯಂತ ಕಿರಿಯ ವಿದ್ಯಾರ್ಥಿ. ಶಾಲೆ ಯಾರಿಗಾಗಿ ಇದೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ?

1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಮಕ್ಕಳ ಕೈಕೆಲಸದಿಂದಲೇ ಶಾಲೆಯ ಖರ್ಚು ನಡೆಯಬೇಕೆಂಬ ಅವರ ವಿಚಾರಕ್ಕೆ, ಶಾಲೆ ದುಡಿಸಿಕೊಳ್ಳುವ ಕಾರ್ಖಾನೆಯಾದೀತೆಂದು ಝಾಕಿರ್ ಸಾಹೇಬರು ಅವರ ಸಮ್ಮುಖದಲ್ಲೇ ಎಚ್ಚರಿಸಿದರು. ಹಾಗಿದ್ದೂ ಪಠ್ಯಕ್ರಮ ರೂಪಿಸುವ ಸಮಿತಿಗೆ ಅವರೇ ಅಧ್ಯಕ್ಷರಾದರು. ಡಿಸೆಂಬರಿನಲ್ಲಿ ಸಲ್ಲಿಸಿದ ವರದಿ 7ರಿಂದ 14 ವರ್ಷದ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ನೀಡಬೇಕೆಂದಿತು. ನಿತ್ಯದ ವೇಳಾಪಟ್ಟಿಯಲ್ಲಿ ಮೂಲ ಉದ್ಯೋಗಕ್ಕೆ 3 ಗಂಟೆ 20 ನಿಮಿಷ, ಮಾತೃಭಾಷೆಗೆ 40 ನಿಮಿಷ, ಸಮಾಜ ಪಾಠ ಮತ್ತು ಸಾಮಾನ್ಯ ವಿಜ್ಞಾನಕ್ಕೆ 30 ನಿಮಿಷಗಳಿದ್ದವು.

ಓದುಗರೇ, ಇಲ್ಲಿ ಒಂದು ಮಹತ್ವದ ಅಂಶವಿದೆ. ಇತಿಹಾಸ, ಭೂಗೋಳ, ಪೌರನೀತಿಗಳನ್ನು ಬೇರೆ ಬೇರೆ ಬಾಯಿಪಾಠ ಮಾಡಿಸದೆ ಸಮಾಜ ಪಾಠವೆಂಬ ಒಂದೇ ವಿಷಯವಾಗಿ ಕಲಿಸಬೇಕೆಂದು ಆ ವರದಿ ಬಯಸಿತು. ಮಗು ಮೊದಲು ತನ್ನ ಮನೆ, ಊರು, ಊರಿನ ಕಸುಬುಗಳನ್ನು ಅರಿಯಬೇಕು. ಬಳಿಕ ಜಿಲ್ಲೆ, ದೇಶ, ಲೋಕ. ಎಲ್ಲ ಧರ್ಮಗಳ ಬಗ್ಗೆ ಪರಸ್ಪರ ಗೌರವ ಬೆಳೆಸುವುದೂ ಆ ಪಾಠದ ಗುರಿಗಳಲ್ಲಿ ಸೇರಿತ್ತು.

ಈ ಕೆಲಸಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆಯಷ್ಟೇ ಅಲ್ಲ. ಸ್ವಸಮುದಾಯದ ಅನೇಕರು, ಮುಸ್ಲಿಂ ಲೀಗಿನ ಮುಖಂಡರು ವಾರ್ಧಾ ಯೋಜನೆಯನ್ನು ಕಟುವಾಗಿ ಟೀಕಿಸಿದರು. ಅವರು ಹಿಂಜರಿಯಲಿಲ್ಲ. 1946ರಲ್ಲಿ ಜಾಮಿಯಾದ ಬೆಳ್ಳಿಹಬ್ಬಕ್ಕೆ ನೆಹರೂ ಮತ್ತು ಜಿನ್ನಾ ಇಬ್ಬರನ್ನೂ ಒಂದೇ ವೇದಿಕೆಗೆ ಕರೆತಂದು, ದ್ವೇಷದ ಬೆಂಕಿಯನ್ನು ಆರಿಸಿರೆಂದು ಬೇಡಿಕೊಂಡರು. ಬೆಂಕಿ ಆರಲಿಲ್ಲ. 1947ರಲ್ಲಿ ಜಲಂಧರ್ ರೈಲು ನಿಲ್ದಾಣದಲ್ಲಿ ಅವರ ಜೀವಕ್ಕೇ ಅಪಾಯ ಬಂತು. ಆಗ ಕಾಪಾಡಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ. ಸಹಬಾಳ್ವೆಯ ಪಾಠ ಬರೆದವರನ್ನು ಸಹಬಾಳ್ವೆಯೇ ಉಳಿಸಿತು.

ಮುಂದೆ ಅವರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾದರು, ಬಿಹಾರದ ರಾಜ್ಯಪಾಲರಾದರು, 1962ರಲ್ಲಿ ಉಪರಾಷ್ಟ್ರಪತಿಯಾದರು. 1963ರಲ್ಲಿ ಭಾರತರತ್ನ ಪಡೆದರು. 1967ರ ಮೇ 13ರಂದು ರಾಷ್ಟ್ರಪತಿಯಾದರು. ಮಕ್ಕಳಿಗಾಗಿ ಉರ್ದುವಿನಲ್ಲಿ ಅಬ್ಬೂಖಾನರ ಮೇಕೆಯ ಕಥೆ ಬರೆದವರೂ ಅವರೇ. ಮೂಲ ಶಿಕ್ಷಣ ಅನೇಕ ಕಡೆ ಬರೀ ಹೆಸರಿಗೆ ಜಾರಿಯಾದುದು ಮಾತ್ರ ಅವರಿಗೆ ಕೊನೆಯವರೆಗೂ ನೋವಿನ ಸಂಗತಿಯಾಗಿತ್ತು. 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಮಜಾರ್ ಇರುವುದು ಜಾಮಿಯಾದ ಆವರಣದಲ್ಲಿ.

ಈಗ ನಮ್ಮ ಬೆಳಂಬಾರದ ಕಡೆಗೆ ಬನ್ನಿ. ಐದನೆಯ ತರಗತಿಯವರೆಗೆ ಪರಿಸರ ಅಧ್ಯಯನ, ಆರರಿಂದ ಸಮಾಜ ವಿಜ್ಞಾನ ಎಂಬ ಹೆಸರಿನಲ್ಲಿ ನಾವು ಕಲಿಸುವುದು ಇದನ್ನೇ. ಕಸುಬುಗಳ ಪಾಠಕ್ಕೆ ಯೋಜನೆ ಬರೆಯುವಾಗ ಪುಸ್ತಕದ ಚಿತ್ರ ಮಾತ್ರ ಸಾಕೇ? ಮಕ್ಕಳನ್ನು ಕಡಲ ತೀರಕ್ಕೆ ಕರೆದೊಯ್ಯಿರಿ. ಬಲೆ ನೇಯುವವರನ್ನು ಮಾತನಾಡಿಸಲಿ. ತರಕಾರಿ ಬೆಳೆಯುವ ಹಾಲಕ್ಕಿ ಒಕ್ಕಲಿಗರ ಗದ್ದೆಗೆ ಹೋಗಿ, ಯಾವ ಬೆಳೆ ಯಾವ ತಿಂಗಳಲ್ಲಿ ಎಂದು ಕೇಳಿ ಬರೆದುಕೊಳ್ಳಲಿ. ಶಾಲೆಗೆ ಮರಳಿ ತಾವು ನಡೆದ ದಾರಿಯ ನಕ್ಷೆ ಬಿಡಿಸಲಿ. ಪ್ರಶ್ನೆಗಳನ್ನು ನೀವು ಮೊದಲೇ ಸಿದ್ಧಪಡಿಸಿ, ಮಕ್ಕಳ ಪ್ರಶ್ನೆಗಳಿಗೂ ಸಮಯ ಬಿಡಿ. ಮುಂದಿನ ತರಗತಿಯಲ್ಲಿ, 1930ರಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದುದನ್ನು ಹೇಳಿ. ಆಗ ಸ್ವಾತಂತ್ರ್ಯ ಹೋರಾಟ ಎಲ್ಲೋ ದೂರದ್ದೆಂದು ಮಕ್ಕಳಿಗೆ ಅನಿಸುವುದಿಲ್ಲ.

ಉರ್ದು ಶಾಲೆಯ ಮಗುವೂ ಕನ್ನಡ ಶಾಲೆಯ ಮಗುವೂ ನಡೆಯುವುದು ಒಂದೇ ಊರಿನ ದಾರಿಯಲ್ಲಿ. ಪರಸ್ಪರರ ಮನೆ, ಹಬ್ಬ, ದುಡಿಮೆ ಅರಿಯದೆ ಬೆಳೆದರೆ ಪರೀಕ್ಷೆಯ ಅಂಕ ಎಷ್ಟಿದ್ದರೇನು ಫಲ? ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುವಿರಿ. ಸಮಾಜ ಪಾಠವನ್ನು ಕೊನೆಯ ಅವಧಿಗೆ ತಳ್ಳಬೇಡಿ. ರಾಷ್ಟ್ರಪತಿಯಾಗುವ ಮೊದಲು ಒಬ್ಬ ಶಿಕ್ಷಕರು ಅದಕ್ಕಾಗಿ ಅಲ್ಪ ಸಂಬಳದಲ್ಲಿ ಎರಡು ದಶಕ ಸವೆಸಿದರು. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ, ನಮಗೂ ಆ ಶ್ರದ್ಧೆಯನ್ನು ದಯಪಾಲಿಸಲಿ. ಆಮೀನ್.